ಮುಳುಗಿದ ಹಡಗಿನೊಳಗೊಂದು ಆಕಾಶ

1900ರ ವಸಂತ. ಕ್ರೀಟ್‌ಗೂ ಗ್ರೀಸಿನ ದಕ್ಷಿಣ ತುದಿಗೂ ನಡುವೆ ಆಂಟಿಕಿಥೆರಾ ಎಂಬ ಪುಟ್ಟ ದ್ವೀಪ. ಬಿರುಗಾಳಿಗೆ ಹೆದರಿ ಅದರ ಮರೆಯಲ್ಲಿ ಲಂಗರು ಹಾಕಿದ್ದ ಸಿಮಿ ದ್ವೀಪದ ಸ್ಪಂಜು ಹೆಕ್ಕುವವರು, ಸುಮ್ಮನೆ ಕೂರುವುದೇಕೆಂದು ಅಲ್ಲೇ ನೀರಿಗಿಳಿದರು. ಎಲಿಯಾಸ್ ಸ್ಟಾಡಿಯಾಟಿಸ್ ಎಂಬಾತ ಲೋಹದ ಶಿರಸ್ತ್ರಾಣ ತೊಟ್ಟು ಸುಮಾರು 45 ಮೀಟರ್ ಆಳಕ್ಕೆ ಹೋದವನು ಗಾಬರಿಬಿದ್ದು ಮೇಲೆ ಬಂದ. ಕೆಳಗೆ ಹೆಣಗಳ ರಾಶಿ, ಕುದುರೆಗಳೂ ಬಿದ್ದಿವೆ ಎಂದ. ನಾಯಕ ಕೊಂಡೋಸ್ ನಂಬಲಿಲ್ಲ, ತಾನೇ ಇಳಿದ. ಮೇಲೆ ಬಂದಾಗ ಅವನ ಕೈಯಲ್ಲಿ ಇನ್ನೊಂದು ಕೈ ಇತ್ತು. ಕಂಚಿನದು!

ಅದು ಕ್ರಿ.ಪೂ. 70–60ರ ಆಸುಪಾಸಿನಲ್ಲಿ ಮುಳುಗಿದ ಹಡಗು. ಕಂಚು, ಅಮೃತಶಿಲೆಯ ಪ್ರತಿಮೆಗಳು, ಬಣ್ಣಬಣ್ಣದ ಗಾಜಿನ ಬಟ್ಟಲುಗಳು, ರೋಡ್ಸ್ ಮತ್ತು ಕೋಸ್ ದ್ವೀಪಗಳ ಜಾಡಿಗಳನ್ನು ತುಂಬಿಕೊಂಡು ಪಶ್ಚಿಮಕ್ಕೆ, ಬಹುಶಃ ಇಟಲಿಗೇ ಹೊರಟಿತ್ತು. ಸರಕು ಕೊಳ್ಳೆಯದೋ ಖರೀದಿಯದೋ ಎಂದು ವಿದ್ವಾಂಸರು ಇವತ್ತಿಗೂ ಜಗಳವಾಡುತ್ತಾರೆ. ಆ ಕಾಲದಲ್ಲಿ ಎರಡರ ನಡುವೆ ಅಂಥ ದೊಡ್ಡ ಗೋಡೆಯೇನೂ ಇರಲಿಲ್ಲವೆಂದು ನನಗನ್ನಿಸುತ್ತದೆ.

ಯಾಕೆಂದರೆ ರೋಮ್ ಗ್ರೀಕರನ್ನು ಗೆದ್ದ ಬಗೆಯೇ ಹಾಗಿತ್ತು. ಕ್ರಿ.ಪೂ. 168ರಲ್ಲಿ ಪಿಡ್ನಾದಲ್ಲಿ ಮ್ಯಾಸಿಡೋನಿಯಾ ಸೋತಿತು. ಗೆದ್ದ ಎಮಿಲಿಯಸ್ ಪೌಲಸ್‌ನ ವಿಜಯಯಾತ್ರೆ ರೋಮಿನಲ್ಲಿ ಮೂರು ದಿನ ನಡೆಯಿತು. ಕಸಿದು ತಂದ ಮೂರ್ತಿ, ಚಿತ್ರಗಳ 250 ಬಂಡಿಗಳು ಹಾದುಹೋಗಲು ಒಂದಿಡೀ ದಿನ ಬೇಕಾಯಿತು ಎನ್ನುತ್ತಾನೆ ಪ್ಲೂಟಾರ್ಕ್. ಕ್ರಿ.ಪೂ. 146ರಲ್ಲಿ ರೋಮನ್ ಸೇನಾಪತಿ ಮುಮ್ಮಿಯಸ್ ಕೊರಿಂತ್ ನಗರವನ್ನು ಸುಟ್ಟ. ನೆಲಕ್ಕೆ ಎಸೆದ ಹೆಸರಾಂತ ಚಿತ್ರಗಳ ಮೇಲೆ ಸೈನಿಕರು ದಾಳ ಉರುಳಿಸುತ್ತಿದ್ದುದನ್ನು ಇತಿಹಾಸಕಾರ ಪಾಲಿಬಿಯಸ್ ಕಣ್ಣಾರೆ ಕಂಡಿದ್ದ. ಅದೇ ಮುಮ್ಮಿಯಸ್, ಸಾಗಿಸುವಾಗ ಕಲಾಕೃತಿಯೇನಾದರೂ ಕಳೆದುಹೋದರೆ ಅದರ ಬದಲು ಹೊಸದನ್ನು ತಂದುಕೊಡಬೇಕೆಂದು ಹಡಗಿನವರಿಗೆ ತಾಕೀತು ಮಾಡಿದನಂತೆ! ಶತಮಾನಗಳ ಹಿಂದಿನ ಶಿಲ್ಪಿಯ ಕೈಕೆಲಸಕ್ಕೆ ಬದಲಿ ಮಾಲು. ಕ್ರಿ.ಪೂ. 86ರಲ್ಲಿ ಇನ್ನೊಬ್ಬ ರೋಮನ್ ಸೇನಾಪತಿ ಸುಲ್ಲಾ ಅಥೆನ್ಸನ್ನೂ ದೋಚಿದ.

ಹಾಗೆ ಹೋದ ಕಂಚೆಲ್ಲ ಈಗೆಲ್ಲಿ? ಬಹುಪಾಲು ಮುಂದಿನ ಶತಮಾನಗಳಲ್ಲಿ ಕರಗಿಹೋಯಿತು. ಆದರೆ ಸಮುದ್ರದ ಪಾಲಾದದ್ದು ಉಳಿಯಿತು. ಆಂಟಿಕಿಥೆರಾದ ಕಂಚಿನ ತರುಣ ಇವತ್ತು ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯದಲ್ಲಿ ಚಾಚಿದ ತೋಳಿನೊಂದಿಗೆ ನಿಂತಿದ್ದಾನೆ. ಅಲ್ಲೇ ಅಮೃತಶಿಲೆಯ ಬಾಲಕನೊಬ್ಬನೂ ಇದ್ದಾನೆ, ನೋಡಿದರೆ ಮೈ ಜುಮ್ಮೆನ್ನುತ್ತದೆ: ಕೆಸರಿನಲ್ಲಿ ಹೂತಿದ್ದ ಪಕ್ಕ ನಿನ್ನೆ ಕಡೆದಷ್ಟು ನಯ, ನೀರಿಗೆ ತೆರೆದಿದ್ದ ಪಕ್ಕವನ್ನು ಕಡಲಜೀವಿಗಳು ಕೊರೆದು ಕೊರೆದು ತೂತುಬಿದ್ದ ಬಂಡೆಯಾಗಿಸಿವೆ.

ಇಷ್ಟಕ್ಕೇ ಮುಗಿದಿದ್ದರೂ ಸಾಕಿತ್ತು. ಆದರೆ 1902ರ ಮೇ ತಿಂಗಳಲ್ಲಿ, ಸಂಗ್ರಹಾಲಯದ ಮೂಲೆಯಲ್ಲಿದ್ದ, ಅದೇ ಹಡಗಿನ ಕಿಲುಬು ಹಿಡಿದ ಹೆಂಟೆಯೊಂದರೊಳಗೆ ಪುರಾತತ್ತ್ವಜ್ಞ ವಲೇರಿಯೋಸ್ ಸ್ಟಾಯಿಸ್‌ಗೆ ಹಲ್ಲಿನ ಚಕ್ರ ಕಾಣಿಸಿತು. ಗೇರ್! ಕ್ರಿಸ್ತಪೂರ್ವದಲ್ಲಿ ಗೇರ್! ಆಮೇಲೆ ಬಂದ ಹಡಗಿನ ಸಾಮಾನು ಸೇರಿಕೊಂಡಿರಬೇಕು ಎಂದವರೂ ಇದ್ದರು. ಈಗ ಉಳಿದಿರುವುದು 82 ತುಣುಕುಗಳು, ಅವುಗಳಲ್ಲಿ 30 ಗೇರ್‌ಗಳು. 2005ರಲ್ಲಿ ಟನ್‌ಗಟ್ಟಲೆ ತೂಕದ ಎಕ್ಸ್‌ರೇ ಯಂತ್ರವನ್ನು ಸಂಗ್ರಹಾಲಯಕ್ಕೇ ಹೊತ್ತು ತಂದು ಒಳಗೆ ಇಣುಕಿದರು. ಕಂಡದ್ದು ಹಿಡಿಕೆ ತಿರುಗಿಸಿದರೆ ಓಡುವ ಪಂಚಾಂಗ!

ಒಂದು ಚಕ್ರಕ್ಕೆ 223 ಹಲ್ಲು. ಗ್ರಹಣಗಳು ಮರುಕಳಿಸುವುದು 223 ಚಾಂದ್ರಮಾಸಗಳಿಗೊಮ್ಮೆ, ಅಂದರೆ 18 ವರ್ಷ ಚಿಲ್ಲರೆಗೆ. ಇನ್ನೊಂದೆಡೆ, ಸುರುಳಿಯಾಕಾರದ ಮುಖಫಲಕದಲ್ಲಿ 19 ವರ್ಷಗಳ 235 ತಿಂಗಳು. ನನ್ನನ್ನು ಮೂಕನಾಗಿಸಿದ್ದು ಮಾತ್ರ ಬೇರೆಯೇ. ಚಂದ್ರ ಆಕಾಶದಲ್ಲಿ ಒಂದೇ ವೇಗದಲ್ಲಿ ಸಾಗುವುದಿಲ್ಲವಲ್ಲ. ಅದನ್ನು ತೋರಿಸಲು ಆ ಕುಶಲಕರ್ಮಿ ಒಂದು ಗೇರ್‌ಗೆ ಪುಟ್ಟ ಮೊಳೆ ಕೂರಿಸಿ, ಜೊತೆಯ ಗೇರ್‌ನಲ್ಲಿ ಸೀಳು ಕೊರೆದು, ಎರಡರ ಕೇಂದ್ರಗಳನ್ನೂ ಕೂದಲೆಳೆಯಷ್ಟು ಸರಿಸಿದ್ದಾನೆ. ಮೊಳೆ ಸೀಳಿನಲ್ಲಿ ಹಿಂದೆ ಮುಂದೆ ಜಾರಿದಂತೆಲ್ಲ ಚಂದ್ರನ ಮುಳ್ಳು ಒಮ್ಮೆ ಚುರುಕು, ಒಮ್ಮೆ ನಿಧಾನ. ಹೆಸರೂ ಉಳಿಯದ ಆತನಿಗೆ ಕೈಮುಗಿಯಬೇಕು.

ಇನ್ನು ಯಂತ್ರದ ಮೇಲೆ ಕೆತ್ತಿದ ಅಕ್ಷರಗಳು, ಕೆಲವು ಎರಡು ಮಿಲಿಮೀಟರ್ ಎತ್ತರವೂ ಇಲ್ಲ. 2008ರ ಹೊತ್ತಿಗೆ ಸಂಶೋಧಕರು ಅದರಲ್ಲಿನ ತಿಂಗಳ ಹೆಸರುಗಳನ್ನು ಓದಿದರು. ಅವು ಕೊರಿಂತ್ ಮೂಲದ ತಿಂಗಳುಗಳು! ಮುಮ್ಮಿಯಸ್ ಸುಟ್ಟನಲ್ಲ, ಅದೇ ಕೊರಿಂತ್. ಅದರ ತಿಂಗಳುಗಳು ಹೊರಗಿನ ಗ್ರೀಕ್ ನಾಡುಗಳಲ್ಲೂ ಬಳಕೆಯಲ್ಲಿದ್ದವು. ಕ್ರೀಡಾಕೂಟಗಳ ಪುಟ್ಟ ಮುಖಫಲಕವೂ ಒಂದಿದೆ. ಒಲಿಂಪಿಯಾ ಸರಿ, ನೆಮಿಯಾ ಸರಿ. ಆದರೆ ಅಲ್ಲಿ ನಾಆ ಎಂಬ ಹೆಸರೂ ಇದೆ, ಎಪಿರಸ್ ನಾಡಿನ ಡೊಡೊನಾದಲ್ಲಿ ನಡೆಯುತ್ತಿದ್ದ ಸಣ್ಣ ಕೂಟ. ಕ್ರಿ.ಪೂ. 167ರಲ್ಲಿ ಪೌಲಸ್‌ನ ಸೈನ್ಯ 70 ಊರುಗಳನ್ನು ಕೊಳ್ಳೆ ಹೊಡೆದು 1,50,000 ಜನರನ್ನು ಗುಲಾಮರಾಗಿ ಮಾರಿದ್ದು ಇದೇ ಎಪಿರಸ್‌ನಲ್ಲಿ. ಜೊತೆಗೆ ರೋಡ್ಸ್‌ನ ಕೂಟದ ಹೆಸರೂ ಇರುವುದರಿಂದ, ಯಂತ್ರ ರೋಡ್ಸ್‌ನಲ್ಲಿ ತಯಾರಾಗಿ ಎಪಿರಸ್‌ನ ಗಿರಾಕಿಯೊಬ್ಬನಿಗೆ ಹೊರಟಿತ್ತು ಎಂಬ ವಾದವಿದೆ. ಅದು ನಿಜವಾದರೆ, ಬಾಚಿ ಗುಡಿಸಿದ ಆ ನಾಡಿನಲ್ಲಿ ಕೆಲವೇ ತಲೆಮಾರುಗಳ ಮೇಲೆ, ಮುಂದಿನ ಗ್ರಹಣ ಯಾವಾಗ ಎಂದು ತಿಳಿಯಲು ಇಂಥದ್ದೊಂದನ್ನು ಹಣ ಕೊಟ್ಟು ಮಾಡಿಸುವವನು ಮತ್ತೆ ಹುಟ್ಟಿದ್ದ!