ಮೆಸೇಜ್ ಹೋಗಿತ್ತು, ಸುದ್ದಿ ಮುಟ್ಟಿರಲಿಲ್ಲ

"ಲೋ, ಆ ಮೂರನೇ ಕ್ಲಾಸ್ ಹುಡುಗ ಹದಿನಾಲ್ಕು ದಿನದಿಂದ ಶಾಲೆಗೆ ಬಂದಿಲ್ಲ ಕಣೋ. ಮನೇಲಿ ಯಾರಿಗೂ ಗೊತ್ತೇ ಇಲ್ಲ!"

ನವೆಂಬರ್ ಕೊನೆಯ ಒಂದು ಶುಕ್ರವಾರ ಸಂಜೆ ಅಕ್ಕ ಫೋನ್ ಮಾಡಿ ಹೀಗಂದಾಗ ನಾನು ಬೆಳ್ಳಂದೂರಿನ ಟ್ರಾಫಿಕ್ಕಿನಲ್ಲಿ ಕ್ಯಾಬ್ ಒಳಗೆ ಕೂತಿದ್ದೆ. "ನೋಟಿಫಿಕೇಶನ್ ಹೋಗಿರುತ್ತಲ್ಲಕ್ಕಾ?" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ನಾನೂ ಅದನ್ನೇ ನಂಬ್ಕೊಂಡು ಕೂತಿದ್ದೆ" ಅಂದಳು.

ಆ ನೋಟಿಫಿಕೇಶನ್ ಕಳಿಸುತ್ತಿದ್ದ ಆ್ಯಪ್ ನನ್ನದೇ. ಬರೆದವನು ನಾನು, ಶಾಲೆಗೆ ಬಲವಂತವಾಗಿ ಒಪ್ಪಿಸಿದವನೂ ನಾನು.

ಅಕ್ಕ ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಒಂದರಿಂದ ಏಳರವರೆಗೆ 58 ಮಕ್ಕಳು, ಮೂವರು ಶಿಕ್ಷಕರು. ಕೊರೊನಾ ಕಾಲದಲ್ಲಿ ಎಲ್ಲ ಶಾಲೆಗಳ ಹಾಗೆ ಅಲ್ಲೂ ಒಂದು ಪೋಷಕರ ವಾಟ್ಸ್ಆ್ಯಪ್ ಗ್ರೂಪ್ ಹುಟ್ಟಿತ್ತು. ಆಮೇಲೆ ಅದು ಗುಡ್ ಮಾರ್ನಿಂಗ್ ಗುಲಾಬಿ, ಸಾಲ ಕೊಡೋ ಆ್ಯಪುಗಳ ಲಿಂಕು, ರಾಜಕೀಯ ವೀಡಿಯೊಗಳ ಗೋಡೌನ್ ಆಯಿತು.

ಅದು ಕೈಮೀರಿದ್ದು ಆಗಸ್ಟ್‌ನಲ್ಲಿ. ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಶಾಲೆಯಲ್ಲೇ ಅಲ್ಬೆಂಡಜೋಲ್ ಮಾತ್ರೆ ಕೊಡ್ತಾರೆ, ಗೊತ್ತಲ್ಲ. ಅಗಿದು ತಿನ್ನೋ 400 ಮಿಲಿಗ್ರಾಂ ಮಾತ್ರೆ. ಹೊಟ್ಟೆಯಲ್ಲಿ ಹುಳು ಇರುವ ಮಕ್ಕಳಿಗೆ ಸ್ವಲ್ಪ ವಾಕರಿಕೆ, ಹೊಟ್ಟೆನೋವು ಬರಬಹುದು, ಅದು ತಾನಾಗೇ ಹೋಗುತ್ತದೆ. ಅವತ್ತು ಒಬ್ಬ ಹುಡುಗಿ ವಾಂತಿ ಮಾಡಿಕೊಂಡಳು. ಯಾರೋ ಕಿಟಕಿಯಿಂದ ಫೋಟೊ ತೆಗೆದು ಗ್ರೂಪಿಗೆ ಹಾಕಿದರು, ಕೆಳಗೆ ಒಂದೇ ಸಾಲು: 'ಶಾಲೆ ಮಾತ್ರೆ ತಿಂದು ಮಗು ಸೀರಿಯಸ್.' ಅರ್ಧ ಗಂಟೆಯಲ್ಲಿ ಶಾಲೆ ಮುಂದೆ ನಾಲ್ಕು ಬೈಕು, ಒಂದು ಟ್ರ್ಯಾಕ್ಟರ್. ಆ ಹುಡುಗಿ ಅಷ್ಟರಲ್ಲಿ ಊಟ ಮುಗಿಸಿ ಕುಂಟೆಬಿಲ್ಲೆ ಆಡುತ್ತಿದ್ದಳು. ಆದರೂ ಹೆಡ್‌ಮಾಸ್ಟರು ಜನರ ಕೈಲಿ ಅನ್ನಿಸಿಕೊಂಡದ್ದು ಅನ್ನಿಸಿಕೊಂಡದ್ದೇ.

"ಮಾತ್ರೆ ಕೊಡ್ತೀವಿ, ಹಿಂಗಾಗಬಹುದು ಅಂತ ಹಿಂದಿನ ದಿನವೇ ಹೇಳಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ" ಅಂತ ಅಕ್ಕ ಬೇಜಾರು ಮಾಡಿಕೊಂಡಳು. ನನಗೆ ಇದು ಶುದ್ಧ ಸಾಫ್ಟ್‌ವೇರ್ ಸಮಸ್ಯೆಯಾಗಿ ಕಾಣಿಸಿತು. ಎಂಜಿನಿಯರ್‌ಗಳಿಗೆ ಹಾಗೆ ಕಾಣಿಸದೇ ಇರುವುದು ಯಾವುದಿದೆ ಹೇಳಿ?

ಏಳು ವೀಕೆಂಡ್ ಕೂತು ಆ್ಯಪ್ ಮಾಡಿದೆ. ಹಾಜರಿ, ಮನೆಪಾಠ, ಬಿಸಿಯೂಟದ ಮೆನು, ಫೋಟೊ, 'ಪ್ರಗತಿ' ಅನ್ನೋ ಒಂದು ಟ್ಯಾಬು. ಎಲ್ಲ ಕನ್ನಡದಲ್ಲೇ. ಮಗು ಗೈರಾದರೆ ಪೋಷಕರ ಫೋನಿಗೆ ನೋಟಿಫಿಕೇಶನ್ ಹೋಗುತ್ತದೆ, ಟೀಚರ್ ಪರದೆಯಲ್ಲಿ ಹಸಿರು ಟಿಕ್ ಬೀಳುತ್ತದೆ, 'ಕಳುಹಿಸಲಾಗಿದೆ' ಅಂತ. ಆಫೀಸಿನಲ್ಲಿ ತೋರಿಸಿದರೆ ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಫೋನ್ ಬಂದ ಆ ರಾತ್ರಿ ಲ್ಯಾಪ್‌ಟಾಪ್ ತೆಗೆದು ಲಾಗ್ ನೋಡಿದೆ. ಹುಡುಗನ ಅಪ್ಪನ ಫೋನಿಗೆ ಹದಿನಾಲ್ಕು ನೋಟಿಫಿಕೇಶನ್, ಹದಿನಾಲ್ಕೂ ವಿಫಲ. ಆ ಮನುಷ್ಯ ಹೆಂಡತಿ ಸಮೇತ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಬಂದಿದ್ದಾನೆ. ಹಬ್ಬಕ್ಕೆ ಊರಿಗೆ ಹೋದಾಗ ಅಕ್ಕನೇ ಅವನ ಫೋನಿಗೆ ಆ್ಯಪ್ ಹಾಕಿಕೊಟ್ಟಿದ್ದಳು. ಆಮೇಲೆ ಆ ಫೋನ್ ಸೈಟಿನಲ್ಲಿ ನೀರಿನ ತೊಟ್ಟಿಗೆ ಬಿತ್ತಂತೆ. ಸೆಕೆಂಡ್ ಹ್ಯಾಂಡ್ ಫೋನ್ ತಗೊಂಡ, ಸಿಮ್ ಹಳೆಯದೇ. ಆದರೆ ಆ್ಯಪ್ ಇಲ್ಲ. ನನ್ನ ಸರ್ವರ್ ಮಾತ್ರ ಇಲ್ಲದ ಫೋನಿಗೆ ದಿನವೂ ನಿಷ್ಠೆಯಿಂದ ಕಳಿಸುತ್ತಿತ್ತು. 'ಕಳುಹಿಸಲಾಗಿದೆ' ಅನ್ನೋದಕ್ಕೂ 'ತಲುಪಿದೆ' ಅನ್ನೋದಕ್ಕೂ ವ್ಯತ್ಯಾಸ ಇದೆ ಅಂತ ನನಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. 'ಆಮೇಲೆ ಮಾಡೋಣ' ಅಂತ ಪಟ್ಟಿಗೆ ಸೇರಿಸಿ ಬಿಟ್ಟಿದ್ದೆ.

ಡ್ಯಾಶ್‌ಬೋರ್ಡಿನಲ್ಲಿ ಒಂದೇ ಹೆಸರಿನ ಮುಂದೆ ಕೆಂಪು ಗೆರೆ ಉದ್ದವಾಗುತ್ತಿದ್ದುದನ್ನೂ ನಾನು ಒಂದು ದಿನ ನೋಡಿದ್ದೆ. ಎಂಟ್ರಿ ತಪ್ಪಿರಬೇಕು ಅಂದುಕೊಂಡು ಟ್ಯಾಬ್ ಮುಚ್ಚಿದ್ದೆ.

ಮರುದಿನ ಶನಿವಾರ, ಬೆಳಗಿನ ಶಾಲೆ. ಹೋದೆ.

ಶಾಲೆ ಬಿಟ್ಟ ಮೇಲೆ ಅಕ್ಕನ ಜೊತೆ ಹುಡುಗನ ಮನೆಗೆ. ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ದರು. ಅಕ್ಷರ ಬಾರದು. ಅಕ್ಕನನ್ನು ನೋಡಿದ್ದೇ ಎದ್ದು ನಿಂತರು.

"ಔನು ದಿನಾ ರಜ ಅಂದ ಮೇಡಮ್ಮೋರೆ. ನಾನು ದಿಟ ಅಂದ್ಕಂಡೆ."

ತಪ್ಪೇನಿದೆ? ನವೆಂಬರ್ ಅಂದರೆ ರಾಜ್ಯೋತ್ಸವ, ದೀಪಾವಳಿ, ಕನಕ ಜಯಂತಿ, ಮಧ್ಯೆ ಭಾನುವಾರಗಳು. ಕ್ಯಾಲೆಂಡರ್ ಓದಲು ಬಾರದವರಿಗೆ ಯಾವುದು ರಜೆ, ಯಾವುದು ಅಲ್ಲ ಅಂತ ಹೇಳುವವರು ಆ ಮೊಮ್ಮಗನೊಬ್ಬನೇ. ಅವನು ಬೆಳಗಾದರೆ ಮೇಕೆ ಹೊಡೆದುಕೊಂಡು ಕೆರೆ ಹಿಂದೆ ಹೋಗುತ್ತಿದ್ದ. ಇತ್ತ ಶಾಲೆಯಲ್ಲಿ ಕೇಳಿದರೆ ಮಕ್ಕಳು "ಔರಪ್ಪನತ್ರ ಬೆಂಗ್ಳೂರಿಗೋಗವ್ನೆ ಮಿಸ್" ಅಂದಿದ್ದವು. ಅಕ್ಕ ನಂಬಿದಳು. ಸುಳ್ಳಾಗಿದ್ದರೆ ಅಪ್ಪ ಫೋನ್ ಮಾಡ್ತಾನೆ, ಹೇಗೂ ಮೆಸೇಜ್ ಹೋಗ್ತಿದೆಯಲ್ಲ.

"ಮುಂಚೆ ಆಗಿದ್ರೆ ಮೂರನೇ ದಿನಕ್ಕೆ ನಾನೇ ಬಂದು ನೋಡ್ತಿದ್ದೆ" ಅಂತ ಅಕ್ಕ ದಾರಿಯಲ್ಲಿ ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹುಡುಗ ಯಾಕೆ ತಪ್ಪಿಸಿಕೊಂಡ ಅನ್ನೋದು ಇನ್ನೊಂದು ಕತೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಕೊಂಡು ಬಂದು, ಯುನಿಸೆಫ್ ನೆರವಿನಿಂದ ಕಟ್ಟಿದ್ದು. ಮೂರೂ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಕಾರ್ಡುಗಳನ್ನು ಮುಗಿಸುತ್ತಾ ಮೆಟ್ಟಿಲು ಹತ್ತುತ್ತದೆ. ಯಾರು ಎಲ್ಲಿದ್ದಾರೆ ಅಂತ ಗೋಡೆಯ ಮೇಲೆ 'ಪ್ರಗತಿ ನೋಟ' ಇರುತ್ತದೆ. ಆ ಕೋಣೆಯೊಳಗೆ ಅದು ನಾಚಿಕೆಯ ವಿಷಯವೇ ಅಲ್ಲ. ಹಿಂದಿರುವವನ ಪಕ್ಕ ಮುಂದಿರುವವಳು ಕೂತು ಹೇಳಿಕೊಡುತ್ತಾಳೆ.

ನಾನು ಏನು ಮಾಡಿದ್ದೆ ಅಂದರೆ, ಅದೇ ನೋಟದ ಫೋಟೊವನ್ನು ವಾರಕ್ಕೊಮ್ಮೆ ಆ್ಯಪಿಗೆ ಹಾಕಿಸುತ್ತಿದ್ದೆ. ಎಲ್ಲರ ಹೆಸರು ಎಲ್ಲರಿಗೂ ಕಾಣುವ ಹಾಗೆ. ಕೋಣೆಯಿಂದ ಹೊರಗೆ ಬಂದದ್ದೇ ಅದು ರ‍್ಯಾಂಕ್ ಪಟ್ಟಿಯಾಯಿತು. ನಲ್ಲಿ ಹತ್ತಿರ ಯಾರೋ ಹೆಂಗಸರು ಆ ಹುಡುಗನಿಗೆ "ಏನ್ಲಾ, ಇನ್ನೂ ಕೆಳಗ್ಲು ಮೆಟ್ಲಲ್ಲೇ ಅವ್ನಂತೆ ನೀನು!" ಅಂದರಂತೆ. ತಮಾಷೆಗೇ ಅಂದಿರಬಹುದು. ಮರುದಿನದಿಂದ ಅವನು ಮೇಕೆ ಹಿಂದೆ.

ಅಜ್ಜಿ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಔನು ಇಸ್ಕೂಲಾಗೆ ಸರ್ಯಾಗಿ ಉಣ್ತಾನೇನಪ್ಪ?"

ನನ್ನ ಆ್ಯಪಿನಲ್ಲಿ ಶೇಕಡಾವಾರು ಹಾಜರಿ ಇತ್ತು, ಗ್ರಾಫ್ ಇತ್ತು. ಇದಕ್ಕೆ ಉತ್ತರ ಇರಲಿಲ್ಲ. ಅಕ್ಕ ಹೇಳಿದಳು: "ಎರಡು ಸಲ ಹಾಕಿಸ್ಕೊಂತಾನೆ ಅಜ್ಜಿ. ಮೊಟ್ಟೆ ದಿನ ಅಂತೂ ಅವನೇ ಮೊದ್ಲು." ಅಜ್ಜಿ ಮುಖದಲ್ಲಿ ಅವತ್ತು ಮೊದಲ ಸಲ ನಗು ಕಂಡೆ.

ನನ್ನ ಟೀಮಿನ ಗೆಳೆಯನೊಬ್ಬನ ಮಗಳು ಇಲ್ಲೇ ಒಂದು ಖಾಸಗಿ ಶಾಲೆಗೆ ಹೋಗುತ್ತಾಳೆ. ಬಸ್ ಎಲ್ಲಿದೆ, ಡಬ್ಬಿ ಖಾಲಿಯಾಯಿತಾ, ನಿದ್ದೆ ಮಾಡಿದಳಾ, ಎಲ್ಲದಕ್ಕೂ ಅವನ ಫೋನ್ ಟಿಂಗ್ ಅನ್ನುತ್ತದೆ. ಅವನು ಅದನ್ನು ಮ್ಯೂಟ್ ಮಾಡಿ ಇಟ್ಟಿದ್ದಾನೆ. ಇದನ್ನು ಸುಮ್ಮನೆ ಹೇಳಿದೆ ಅಷ್ಟೇ.

ಊರಿನವರೆಲ್ಲ ದಿನಕ್ಕೆರಡು ಸಲ ತಪ್ಪದೆ ಬರುವ ಜಾಗ ಯಾವುದು ಅಂತ ಅಕ್ಕ ಕೇಳಿದಳು. ನಾನು ದೇವಸ್ಥಾನ ಅಂದೆ. "ಥೂ, ಹಾಲಿನ ಡೇರಿ ಕಣೋ" ಅಂದಳು. ಬೆಳಿಗ್ಗೆ ಆರೂವರೆ, ಸಂಜೆ ಆರು. ಕ್ಯಾನ್ ಹಿಡಿದು ಸಾಲು ನಿಂತಾಗ ಹತ್ತು ನಿಮಿಷ ಬೇರೆ ಕೆಲಸ ಇರುವುದಿಲ್ಲ. ಡೇರಿ ಸೆಕ್ರೆಟರಿ ಮೊದಲು ಒಪ್ಪಲಿಲ್ಲ, "ನಮ್ ಫ್ಯಾಟ್ ಲೆಕ್ಕ ಹಾಕಕ್ಕೇ ಜಾಗ ಇಲ್ಲ" ಅಂದ. ಕೊನೆಗೆ ಹೊರಗೋಡೆಯ ಮೇಲೆ ಮೂರಡಿ ಅಗಲದ ಜಾಗಕ್ಕೆ ಕಪ್ಪು ಬಣ್ಣ ಬಳಿಯಲು ಬಿಟ್ಟ.

ಸಂಜೆ ಮನೆಗೆ ಹೋಗುವಾಗ ಆರು, ಏಳನೇ ಕ್ಲಾಸಿನ ಮಕ್ಕಳು ಪಾಳಿಯ ಮೇಲೆ ಅಲ್ಲಿ ಬರೀತಾರೆ. ಮೊದಲ ಸಾಲು ಯಾವಾಗಲೂ ಒಂದೇ: ನಾಳೆ ಶಾಲೆ ಇದೆ, ಅಥವಾ ಇಲ್ಲ. ಇದ್ದರೆ ಹಸಿರು ಸೀಮೆಸುಣ್ಣ, ಇಲ್ಲದಿದ್ದರೆ ಕೆಂಪು. ಓದಲು ಬಾರದವರಿಗೂ ಅಷ್ಟು ಸಾಕು. ಅದರ ಕೆಳಗೆ ಇವತ್ತು ಏನು ಊಟ, ಏನು ಕಲಿತರು, ನಾಳೆ ಮಾತ್ರೆಯೋ, ಚುಚ್ಚುಮದ್ದೋ, ಆಟದ ಸ್ಪರ್ಧೆಯೋ. ಮಕ್ಕಳ ಹೆಸರು ಹಾಕಿ ಏನನ್ನೂ ಬರೆಯುವಂತಿಲ್ಲ, ಹೊಗಳುವುದಕ್ಕೂ ಇಲ್ಲ. ಇದು ಅಕ್ಕನ ಕಟ್ಟುನಿಟ್ಟು. ಒಂದು ಮಗುವಿನ ವಿಷಯ ಆ ಮಗುವಿನ ಮನೆಯವರಿಗೆ ಮಾತ್ರ, ಅದೂ ಎದುರಿಗೆ ಅಥವಾ ಫೋನಿನಲ್ಲಿ. ಯಾರಾದರೂ ಎರಡು ದಿನ ಬಾರದಿದ್ದರೆ ಪಕ್ಕದ ಮನೆ ಮಗು ವಿಚಾರಿಸಿ ಬರುತ್ತದೆ, ಮೂರನೇ ದಿನ ಟೀಚರ್ ಹೋಗುತ್ತಾರೆ.

ಬೋರ್ಡು ಶುರುವಾಗಿ ಎರಡನೇ ವಾರಕ್ಕೇ ಜಗಳ ಬಂತು. 'ಇವತ್ತು ಸೊಪ್ಪಿನ ಸಾರು' ಅಂತ ಬರೆದಿತ್ತು. ಒಬ್ಬ ಅಮ್ಮ ಸೀದಾ ಶಾಲೆಗೆ ಬಂದು "ನನ್ ಮಗ ಸಾರಲ್ಲಿ ಸೊಪ್ಪೇ ಇರ್ಲಿಲ್ಲ ಅಂದ, ಎಲ್ಲೋಯ್ತು?" ಅಂದರು. ಹೆಡ್‌ಮಾಸ್ಟರಿಗೆ ಸಿಟ್ಟು. ಊಟದ ವಿಷಯ ಇನ್ನು ಮೇಲೆ ಬರೆಯುವುದು ಬೇಡ ಅಂದರು. ಅವರ ಕಷ್ಟವೂ ಇಲ್ಲದ್ದೇನಲ್ಲ. ಹಾಲಿನ ಲೆಕ್ಕ, ಅಕ್ಕಿ ಲೆಕ್ಕ, ಮೊಟ್ಟೆ ಲೆಕ್ಕ, ಆನ್‌ಲೈನ್ ಎಂಟ್ರಿಗಳ ಮಧ್ಯೆ ಇದೊಂದು. ಆದರೆ ಎಸ್‌ಡಿಎಂಸಿ ಅಧ್ಯಕ್ಷೆ, ಅವರೂ ಒಬ್ಬ ಹುಡುಗಿಯ ತಾಯಿ, "ಕೇಳೋರು ಕೇಳ್ಲಿ ಬಿಡಿ ಸಾರ್" ಅಂದು ಬೋರ್ಡು ಉಳಿಸಿದರು.

ಆಗ ನಾನು ಕಾನೂನು ಓದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಅರ್ಧದಷ್ಟು ಮಹಿಳೆಯರಿರಬೇಕು. 24ನೇ ಸೆಕ್ಷನ್ನಿನಲ್ಲಿ ಇನ್ನೊಂದಿದೆ: ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ಇವನ್ನೆಲ್ಲ ಪೋಷಕರ ಸಭೆ ಕರೆದು ತಿಳಿಸುವುದು ಶಿಕ್ಷಕರ ಕರ್ತವ್ಯ. ನಾನು ಏಳು ವೀಕೆಂಡ್ ಹಾಕುವ ಮೊದಲು ಅದನ್ನು ಏಳು ನಿಮಿಷ ಓದಬಹುದಿತ್ತು.

ಊರು ಬಿಟ್ಟು ದುಡಿಯಲು ಹೋದವರಿಗೆ ಬೋರ್ಡು ಕಾಣುವುದಿಲ್ಲವಲ್ಲ. ಅವರಿಗೆ ಹಳೆಯ ಗ್ರೂಪನ್ನೇ ಅಡ್ಮಿನ್ ಮಾತ್ರ ಕಳಿಸುವ ಹಾಗೆ ಬದಲಾಯಿಸಿದೆವು. ಫೋಟೊ ಇಲ್ಲ, ಫಾರ್ವರ್ಡ್ ಇಲ್ಲ. ದಿನಕ್ಕೊಂದು ವಾಯ್ಸ್ ಮೆಸೇಜ್, ಒಂದು ನಿಮಿಷ, ಮಾತಾಡುವುದು ಮಕ್ಕಳು. ಹಿನ್ನೆಲೆಯಲ್ಲಿ ಗಂಟೆ, ಕೋಳಿ, ಯಾರೋ ಕೆಮ್ಮುವುದು, ಎಲ್ಲ ಬರುತ್ತದೆ. ನಾನೂ ಆ ಗ್ರೂಪಿನಲ್ಲಿದ್ದೇನೆ. ಸಂಜೆ ಕ್ಯಾಬಿನಲ್ಲಿ ಕೇಳುತ್ತೇನೆ.

ಆ ಹುಡುಗ ಡಿಸೆಂಬರ್ ಮೊದಲ ವಾರ ಮರಳಿ ಬಂದ. ಮೊದಲೆರಡು ದಿನ ಅಜ್ಜಿಯೇ ಕೈಹಿಡಿದು ಕರಕೊಂಡು ಬಂದು ಮಧ್ಯಾಹ್ನದ ತನಕ ಹೊರಗೆ ಕಟ್ಟೆ ಮೇಲೆ ಕೂತಿದ್ದರಂತೆ. ಜನವರಿಯಲ್ಲಿ ಅವನ ಪಾಳಿ ಬಂತು. ಮಾತೇ ಆಡುವುದಿಲ್ಲವೇನೋ ಅಂದುಕೊಂಡಿದ್ದೆ. "ನಾನು ಮೇಕೆ ಬಗ್ಗೆ ಏಳ್ತೀನಿ" ಅಂತ ಶುರು ಮಾಡಿ ಒಂದು ನಿಮಿಷ ನಲವತ್ತು ಸೆಕೆಂಡ್ ನಿಲ್ಲಲಿಲ್ಲ. ಅವತ್ತು ಅವನ ಅಪ್ಪ ಅಕ್ಕನಿಗೆ ಫೋನ್ ಮಾಡಿದನಂತೆ. ಸೈಟಿನ ಶೆಡ್ಡಿನಲ್ಲಿ ಹೆಂಡತಿಗೆ ನಾಲ್ಕು ಸಲ ಕೇಳಿಸಿದೆ ಅಂದ. ಬೇರೇನೂ ಹೇಳಲಿಲ್ಲ.

ಎಲ್ಲ ಸರಿಹೋಯಿತು ಅಂತಲ್ಲ. ಜೂನ್‌ನಲ್ಲಿ ಮೂರು ಮಕ್ಕಳು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನ್ ಹತ್ತಿದರು. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಳೆ ಬಂದರೆ ಬೋರ್ಡು ಅಳಿಸಿಹೋಗುತ್ತದೆ, ಮೇಲೆ ಒಂದು ತಗಡು ಹಾಕಿಸಬೇಕು. ಫೋನೇ ಇಲ್ಲದ ಎರಡು ಮನೆಗಳಿಗೆ ಈಗಲೂ ಮಕ್ಕಳ ಬಾಯಿಮಾತೇ ಗತಿ.

ಆ್ಯಪಿನ ಸರ್ವರ್ ಫೆಬ್ರವರಿಯಲ್ಲೇ ನಿಲ್ಲಿಸಿದೆ. ಮಕ್ಕಳ ಫೋಟೊ, ಹೆಸರು, ಡೇಟಾ ಎಲ್ಲ ಅಳಿಸಿದೆ. ನಿಲ್ಲಿಸಿದ್ದೇನೆ ಅಂತ ಅಕ್ಕನಿಗೆ ಹೇಳಲು ಫೋನ್ ಮಾಡಿದರೆ ಅವಳು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

"ಸರಿ ಸರಿ. ಭಾನುವಾರ ಬರ್ತೀಯಲ್ಲ, ಎರಡು ಡಬ್ಬಿ ಬಣ್ಣದ ಚಾಕ್‌ಪೀಸ್ ತಗೊಂಡ್ ಬಾ. ಹಸಿರು ಬೇಗ ಖಾಲಿಯಾಗ್ತಿದೆ."