ಡಿಕ್ಕಿಯಲ್ಲೊಂದು ಗ್ಯಾರೇಜು

ಜ್ಯಾಕ್ಸನ್ ಹೈಟ್ಸ್‌ನಲ್ಲಿ ಕಾರು ಇಟ್ಟುಕೊಂಡ ನಮ್ಮಂಥವರಿಗೆ ಗ್ಯಾರೇಜು ಎಂದರೆ ನ್ಯೂಜೆರ್ಸಿಯ ನೆಂಟರ ಮನೆಗೆ ಹೋದಾಗ ನೋಡಿ ಬರುವ ವಸ್ತು. ಇಲ್ಲಿನ ಅಪಾರ್ಟ್‌ಮೆಂಟುಗಳನ್ನು ಕ್ವೀನ್ಸ್‌ಬರೋ ಕಾರ್ಪೊರೇಷನ್ 1910ರ ದಶಕದಿಂದ ಕಟ್ಟುತ್ತಾ ಬಂತು. ಕಟ್ಟಡಗಳ ನಡುವೆ ಸೊಗಸಾದ ತೋಟಗಳಿವೆ. 1993ರಲ್ಲಿ ನಗರವು ಈ ಬಡಾವಣೆಯ ದೊಡ್ಡ ಭಾಗವನ್ನು ಐತಿಹಾಸಿಕ ಪ್ರದೇಶವೆಂದು ಘೋಷಿಸಿತು. ನಮ್ಮ ಕಾರು ಮಾತ್ರ ಬೀದಿಯಲ್ಲೇ.

ಹಾಗಾಗಿ ಇಲ್ಲಿ ಕಾರಿನ ವರ್ಕ್‌ಶಾಪ್ ಎಂದರೆ ಡಿಕ್ಕಿಯಲ್ಲಿ ಒಂದು ಪೆಟ್ಟಿಗೆ, ಮನೆಯ ಕಪಾಟಿನಲ್ಲಿ ಇನ್ನೊಂದು, ಅಷ್ಟೇ. ಅವೆರಡನ್ನು ಒಪ್ಪವಾಗಿ ಜೋಡಿಸಿಕೊಂಡರೆ ರಿಪೇರಿಯ ಖರ್ಚಷ್ಟೇ ಅಲ್ಲ, ಮಕ್ಕಳ ಕನ್ನಡವೂ ಸ್ವಲ್ಪ ಉಳಿಯುತ್ತದೆ.

ನಮ್ಮ ಮಕ್ಕಳ ಕನ್ನಡ ಹೆಚ್ಚಾಗಿ ಊಟ, ಸ್ನಾನ, ನಿದ್ದೆಯ ಕನ್ನಡ. ಏಳೆಂಟು ವರ್ಷ ದಾಟಿದ ಮೇಲೆ ಆ ಮಾತುಗಳ ಅಗತ್ಯ ಕಡಿಮೆಯಾಗುತ್ತದೆ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವರು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಮಾತು ಬಾಯಿಗೆ ಬರಬೇಕಾದರೆ ಅದರಿಂದ ಒಂದು ಕೆಲಸ ಆಗಬೇಕು. ಇಬ್ಬರು ಸೇರಿ ಮಾಡಬೇಕಾದ ಕೈಕೆಲಸಕ್ಕಿಂತ ಒಳ್ಳೆಯ ನೆಪ ಸಿಗುವುದು ಕಷ್ಟ.

ಎರಡು ಪೆಟ್ಟಿಗೆ

ಡಿಕ್ಕಿಯ ಪೆಟ್ಟಿಗೆಯಲ್ಲಿ ಟೈರಿನ ಗಾಳಿ ಅಳೆಯುವ ಗೇಜು, ಜಂಪರ್ ಕೇಬಲ್, ಟಾರ್ಚು, ಕೈಗವಸು, ಚಕ್ರದ ನಟ್ಟಿನ ಸ್ಪ್ಯಾನರು ಇರಲಿ. ಜ್ಯಾಕ್ ಮತ್ತು ಚಕ್ರ ಉರುಳದಂತೆ ಅಡ್ಡ ಕೊಡಲು ಎರಡು ಮರದ ತುಂಡು ಪಕ್ಕದಲ್ಲಿರಲಿ. ಮನೆಯ ಪೆಟ್ಟಿಗೆಗೆ ಸ್ಕ್ರೂಡ್ರೈವರ್‌ಗಳು, ಇಕ್ಕಳ, ಮಲ್ಟಿಮೀಟರ್, ಟಾರ್ಕ್ ರೆಂಚ್ ಮತ್ತು ಒಂದು ಸಾಕೆಟ್ ಸೆಟ್. ಹೋಂಡಾ, ಟೊಯೋಟಾ ಕಾರುಗಳಲ್ಲಿ ಹೆಚ್ಚಾಗಿ ಬೇಕಾಗುವುದು 10, 12, 14, 17 ಮಿಲಿಮೀಟರಿನ ಸಾಕೆಟ್‌ಗಳು. ಹತ್ತರ ಮೇಲಿನ ಕನ್ನಡ ಎಣಿಕೆಯಲ್ಲೇ ಅಲ್ಲವೇ ನಮ್ಮ ಮಕ್ಕಳು ತಡವರಿಸುವುದು? "ಪುಟ್ಟಾ, ಹದಿನಾಲ್ಕರದ್ದು ಕೊಡು" ಎಂದು ನಾಲ್ಕು ಸಲ ಕೇಳಿ ನೋಡಿ.

ಪೆಟ್ಟಿಗೆಯ ತಳಕ್ಕೆ ದಪ್ಪ ರಟ್ಟು ಕತ್ತರಿಸಿ ಹಾಕಿ. ಅದರ ಮೇಲೆ ಒಂದೊಂದೇ ಸಲಕರಣೆ ಇಟ್ಟು ಸುತ್ತಲೂ ಗೆರೆ ಎಳೆಯುವ ಕೆಲಸ ಮಗುವಿನದು. ಗೆರೆಯೊಳಗೆ ಹೆಸರು ಬರೆಯುವುದೂ ಅದರದ್ದೇ, ಕನ್ನಡ ಅಕ್ಷರದಲ್ಲಿ. ಪ್ರಯೋಗಾಲಯದ ಕೆಲಸ ಕಲಿಸಿದ ಶಿಸ್ತು ಇದು: ಯಾವುದು ಇದೆ ಎಂಬುದಕ್ಕಿಂತ ಯಾವುದು ಇಲ್ಲ ಎಂಬುದು ಕಣ್ಣಿಗೆ ಬೀಳಬೇಕು. ಮುಚ್ಚಳ ಹಾಕುವಾಗ ಒಂದು ಗೆರೆ ಖಾಲಿ ಇದ್ದರೆ ಆ ಸ್ಪ್ಯಾನರು ಬಾನೆಟ್ಟಿನೊಳಗೋ ರಸ್ತೆಯ ಮೇಲೋ ಉಳಿದಿದೆ ಎಂದರ್ಥ.

ಹೆಸರುಗಳಿಗೆ ಅಚ್ಚಗನ್ನಡ ಹುಡುಕುತ್ತಾ ಕೂರಬೇಡಿ. ಊರಿನ ಮೆಕ್ಯಾನಿಕ್ ಬಳಸುವ ಪದವೇ ಸಾಕು. ಬದಲಿ ಚಕ್ರಕ್ಕೆ ನಾವು ಹೇಳುವ 'ಸ್ಟೆಪ್ನಿ' ಹುಟ್ಟಿದ್ದು ವೇಲ್ಸಿನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ, 1904ರಲ್ಲಿ, ಡೇವಿಸ್ ಸೋದರರ ಬದಲಿ ಚಕ್ರದ ಜೊತೆ. ಈ ಪದ ಇಲ್ಲಿನ ಶಾಲೆಯಲ್ಲಿ ಯಾರಿಗೂ ತಿಳಿಯದು. ದಾವಣಗೆರೆಯ ತಾತನಿಗೆ ಫೋನಿನಲ್ಲಿ ಹೇಳಿದರೆ ತಕ್ಷಣ ಅರ್ಥವಾಗುತ್ತದೆ. ಕನ್ನಡ ಇರುವುದು ಕ್ರಿಯಾಪದಗಳಲ್ಲಿ: ಬಿಗಿ, ಸಡಿಲಿಸು, ಕಳಚು, ಜೋಡಿಸು, ಎತ್ತು, ಇಳಿಸು, ಒರೆಸು.

ಮಕ್ಕಳ ಪಾಲಿನ ಕೆಲಸ

ಗಾಳಿ ನೋಡುವುದು: ತಿಂಗಳಿಗೊಮ್ಮೆ, ಬೆಳಿಗ್ಗೆ, ಕಾರು ಓಡಿಸುವ ಮುಂಚೆ. ಎಷ್ಟಿರಬೇಕೆಂದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಹೇಳುತ್ತದೆ. ಹವೆ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಟೈರಿನಲ್ಲಿ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ. ಸೆಪ್ಟೆಂಬರಿನಿಂದ ಜನವರಿವರೆಗೆ ಮಗು ಬರೆದಿಟ್ಟರೆ ಒಂದು ಒಳ್ಳೆಯ ವಿಜ್ಞಾನ ಪಾಠವೂ ಆಯಿತು.

ಕ್ಯಾಬಿನ್ ಫಿಲ್ಟರ್: ಅನೇಕ ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆಯೇ ಇರುತ್ತದೆ. ಕೈಪಿಡಿಯನ್ನು ಮಗು ಇಂಗ್ಲಿಷಿನಲ್ಲಿ ಓದಿಕೊಂಡು ನಿಮಗೆ ಕನ್ನಡದಲ್ಲಿ ಹೇಳಲಿ. "ಅಮ್ಮಾ, ಮೊದಲು ಬಲಗಡೆ ಒತ್ತು, ಆಮೇಲೆ ಎಳಿ." ಅಪ್ಪ-ಅಮ್ಮನಿಗೆ ಆಜ್ಞೆ ಕೊಡುವ ಅವಕಾಶ ಸಿಕ್ಕರೆ ಭಾಷೆ ತಾನಾಗಿ ಹೊರಡುತ್ತದೆ. ಹೇಳಿದ್ದನ್ನಷ್ಟೇ ಮಾಡಿ. ತಪ್ಪು ಹೇಳಿದರೆ ಫಿಲ್ಟರ್ ಕೂರುವುದಿಲ್ಲ, ನೀವು ತಿದ್ದುವ ಅಗತ್ಯವೇ ಇಲ್ಲ.

ನಟ್ಟು ಬಿಗಿಯುವುದು: ಚಕ್ರದ ನಟ್ಟುಗಳನ್ನು ಸಾಲಾಗಿ ಅಲ್ಲ, ಒಂದು ಬಿಟ್ಟು ಒಂದರಂತೆ ನಕ್ಷತ್ರದ ಆಕಾರದಲ್ಲಿ ಬಿಗಿಯಬೇಕು. ಮುಂದಿನದು ಯಾವುದೆಂದು ಮಗು ಕೂಗಲಿ. ಕೊನೆಯ ಬಿಗಿತ ಟಾರ್ಕ್ ರೆಂಚಿನಿಂದ, ಕೈಪಿಡಿ ಹೇಳಿದಷ್ಟೇ.

ಇವು ಬೇಡ

ಜ್ಯಾಕ್ ಮೇಲಷ್ಟೇ ನಿಂತ ಕಾರಿನ ಕೆಳಗೆ ಯಾರೂ, ಒಂದು ಕ್ಷಣಕ್ಕೂ, ಹೋಗಬಾರದು. ಮಗು ಸದಾ ಫುಟ್‌ಪಾತಿನ ಕಡೆ ನಿಲ್ಲಬೇಕು. ಆಯಿಲ್, ಬ್ರೇಕಿನ ಕೆಲಸ ಬೀದಿಯದಲ್ಲ; ಅದಕ್ಕೆ ನಾರ್ದರ್ನ್ ಬುಲೆವಾರ್ಡಿನ ಉದ್ದಕ್ಕೂ ಮೆಕ್ಯಾನಿಕ್‌ಗಳಿದ್ದಾರೆ. ಚಕ್ರ ಬಿಚ್ಚುವುದನ್ನೂ ನ್ಯೂಜೆರ್ಸಿಯ ನೆಂಟರ ಸಮತಟ್ಟಾದ ಡ್ರೈವ್‌ವೇಯಲ್ಲಿ ಇಟ್ಟುಕೊಳ್ಳುವುದು ಲೇಸು.

ವರ್ಷಕ್ಕೊಮ್ಮೆ ಪೆಟ್ಟಿಗೆ ಪೂರ್ತಿ ಖಾಲಿ ಮಾಡಲು ನಮಗೆ ತಯಾರಾದ ದಿನವೇ ಇದೆ, ಆಯುಧಪೂಜೆ. ಎಲ್ಲವನ್ನೂ ಹೊರಗೆ ಹರಡಿ, ತುಕ್ಕು ಉಜ್ಜಿ, ಎರಡು ಹನಿ ಎಣ್ಣೆ ಒರೆಸಿ. ಅಳಿಸಿದ ಹೆಸರುಗಳನ್ನು ಮಗು ಮತ್ತೆ ಬರೆಯಲಿ. ಚಕ್ರಕ್ಕಿಡುವ ನಿಂಬೆಹಣ್ಣು 74ನೇ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ.