ಆಟೋಮ್ಯಾಟಿಕ್ ಪಿಕಪ್‌ಗೆ ಹೊಸ ಎಟಿಎಫ್

ಟೊಯೋಟಾ ಹೈಲಕ್ಸ್ ಭಾರತಕ್ಕೆ ಬಂದದ್ದು 2022ರಲ್ಲಿ. ಅದರ ಆಟೋಮ್ಯಾಟಿಕ್ ಮಾದರಿಯಲ್ಲಿ 500 ನ್ಯೂಟನ್ ಮೀಟರ್ ಟಾರ್ಕ್ ಆರು ಗೇರುಗಳ ಪೆಟ್ಟಿಗೆಯ ಮೂಲಕ ಚಕ್ರಕ್ಕೆ ಹೋಗುತ್ತದೆ. ಇಂಜಿನ್ನಿನ ಬಲವನ್ನು ದಾಟಿಸುವುದು, ಕ್ಲಚ್ಚುಗಳನ್ನು ಒತ್ತಿ ಹಿಡಿಯುವುದು, ಬಿಸಿಯನ್ನು ಹೊತ್ತೊಯ್ಯುವುದು ಎಲ್ಲವೂ ಎಟಿಎಫ್ ಎಂಬ ಕೆಂಪು ಎಣ್ಣೆಯ ಕೆಲಸ. ಭಾರ ಹೇರಿಕೊಂಡು ಘಾಟಿ ಹತ್ತುವ ಗಾಡಿಯಲ್ಲಿ ಅದು ಬೇಗ ಸವೆಯುತ್ತದೆ. ಜೀವನಪರ್ಯಂತ ಬದಲಿಸಬೇಕಿಲ್ಲ ಎಂಬ ಮಾತು ಅಂಥ ಗಾಡಿಗೆ ಹೊಂದುವುದಿಲ್ಲ.

ಎಣ್ಣೆ ಇಳಿಸುವುದು ಸುಲಭ, ಮಟ್ಟ ಕೂರಿಸುವುದೇ ಕಷ್ಟ. ಈಗಿನ ಹಲವು ಗೇರ್‌ಬಾಕ್ಸುಗಳಂತೆ ಇದರಲ್ಲೂ ಡಿಪ್‌ಸ್ಟಿಕ್ ಇಲ್ಲ. ಗಾಡಿ ನಾಲ್ಕೂ ಕಡೆ ಸಮಮಟ್ಟದಲ್ಲಿರಲಿ. ಬರೀ ಜಾಕನ್ನು ನಂಬಿ ಅಡಿಗೆ ನುಗ್ಗಬೇಡಿ. ಮೊದಲು ಬಿಚ್ಚಬೇಕಾದ್ದು ಎಣ್ಣೆ ತುಂಬುವ ಬೋಲ್ಟ್. ಅದು ತುಕ್ಕು ಹಿಡಿದು ಕೂತಿದ್ದರೆ, ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ಗಾಡಿ ಅಲ್ಲೇ ನಿಂತುಬಿಡುತ್ತದೆ.

ಡ್ರೈನ್ ಬೋಲ್ಟಿನಿಂದ ಇಳಿದದ್ದನ್ನು ಅಳೆದಿಟ್ಟುಕೊಂಡು ಅಷ್ಟೇ ಹೊಸದನ್ನು ತುಂಬಿ; ವಾಷರ್ ಹೊಸದಿರಲಿ. ಒಂದೇ ಸಲಕ್ಕೆ ಪೂರ್ತಿ ಎಣ್ಣೆ ಬರುವುದಿಲ್ಲ. ಟಾರ್ಕ್ ಕನ್ವರ್ಟರ್ ಮತ್ತು ಕೂಲರಿನಲ್ಲಿ ಬಹುಪಾಲು ಉಳಿದಿರುತ್ತದೆ. ಪ್ರತಿ ಸಲ ಶೇ. 40ರಷ್ಟು ಬದಲಾಯಿತು ಎಂದಿಟ್ಟುಕೊಂಡರೂ ಮೂರು ಸಲಕ್ಕೆ ಶೇ. 78ರಷ್ಟು ಹೊಸದಾಗುತ್ತದೆ. ನಡುನಡುವೆ ಒಂದಿಷ್ಟು ಓಡಿಸಿದರೆ ಹಳತು ಹೊಸತು ಚೆನ್ನಾಗಿ ಬೆರೆಯುತ್ತವೆ. ಪ್ಯಾನ್ ಬಿಚ್ಚಿದರೆ ಒಳಗಿನ ಅಯಸ್ಕಾಂತಗಳನ್ನು ನೋಡಿ: ನುಣ್ಣನೆಯ ಬೂದು ಕೆಸರು ಸಹಜ, ಲೋಹದ ಚೂರು ಅಪಾಯದ ಸೂಚನೆ.

ಇನ್ನು ಮಟ್ಟ. ಇಂಜಿನ್ ಚಾಲೂ ಇಟ್ಟು, ಬ್ರೇಕ್ ಒತ್ತಿ ಹಿಡಿದು, ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಆಡಿಸಿ ಪಾರ್ಕಿಗೆ ತನ್ನಿ. ಎಣ್ಣೆಯ ಉಷ್ಣತೆಯನ್ನು ಸ್ಕ್ಯಾನರಿನಲ್ಲಿ ನೋಡುತ್ತಿರಿ. ಅದು ಸುಮಾರು 40 ಡಿಗ್ರಿಗೆ ಬಂದಾಗ (ಖಚಿತ ಅಂಕಿ ಸರ್ವಿಸ್ ಕೈಪಿಡಿಯಲ್ಲಿದೆ) ಮಟ್ಟ ನೋಡುವ ಓವರ್‌ಫ್ಲೋ ಬೋಲ್ಟ್ ತೆಗೆಯಿರಿ. ಧಾರೆಯಾಗಿ ಸುರಿದರೆ ಹನಿಯಾಗುವವರೆಗೆ ಬಿಡಿ, ಏನೂ ಬಾರದಿದ್ದರೆ ಇನ್ನಷ್ಟು ಹಾಕಿ. ತುಂಬಿದ ಕೊಡ ತುಳುಕುವ ಲೆಕ್ಕವೇ ಇದು. ಎಣ್ಣೆ ಬಿಸಿಗೆ ಹಿಗ್ಗುತ್ತದೆ. ತೀರಾ ಬಿಸಿಯಿದ್ದಾಗ ನೋಡಿದರೆ ಹೆಚ್ಚು ಹರಿದುಹೋಗಿ ಕೊನೆಗೆ ಕಡಿಮೆ ಬೀಳುತ್ತದೆ. ತಣ್ಣಗಿದ್ದಾಗ ನೋಡಿದರೆ ಹೆಚ್ಚಾಗಿ, ಓಡುವಾಗ ನೊರೆಯೇಳುತ್ತದೆ.

ಎಣ್ಣೆಯ ಜಾತಿಯಲ್ಲಿ ರಾಜಿ ಬೇಡ. ಹೈಲಕ್ಸಿಗೆ ಟೊಯೋಟಾ ಡಬ್ಲ್ಯುಎಸ್ ದರ್ಜೆಯದೇ ಬೇಕು. ಬಣ್ಣ ಕೆಂಪು ಎಂದು ಯಾವುದೋ ಡಬ್ಬಿ ತರಬೇಡಿ. ಕ್ಲಚ್ಚಿನ ಹಿಡಿತವನ್ನು ನಿರ್ಧರಿಸುವುದು ಬಣ್ಣವಲ್ಲ, ಅದರಲ್ಲಿ ಬೆರೆಸಿದ ರಾಸಾಯನಿಕಗಳು. (1970ರ ದಶಕದ ಆರಂಭದವರೆಗೂ ಅಮೆರಿಕದಲ್ಲಿ ಇದಕ್ಕಾಗಿ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು!)

ಹಳೆಯದನ್ನು ಚರಂಡಿಗೆ ಚೆಲ್ಲದೆ ಗ್ಯಾರೇಜಿನ ಡ್ರಮ್ಮಿಗೆ ಕೊಡಿ. ಅದು ಸುಟ್ಟ ವಾಸನೆ ಹೊಡೆಯುತ್ತಿದ್ದು, ಗೇರ್ ಆಗಲೇ ಜಾರುತ್ತಿದ್ದರೆ ಹೊಸ ಎಣ್ಣೆಯಿಂದ ಅದು ಸರಿಹೋಗುವುದಿಲ್ಲ. ದುಡ್ಡು ಸುರಿಯುವ ಮೊದಲು ಗೇರ್‌ಬಾಕ್ಸ್ ಬಲ್ಲ ಮೆಕ್ಯಾನಿಕ್ಕಿಗೆ ತೋರಿಸಿ.